‘ಓಡುವುದಿಲ್ಲ’ ಎಂಬ ಚೀಟಿ ಅಂಟಿಸಿದ್ದ ಹಳೇ ಲೀಮಾ ಇಂಜಿನ್: ಬಿಚ್ಚಿ, ತೊಳೆದು, ಓಡಿಸಿದ್ದು

ಮೇಜಿನ ಮೇಲಿರುವುದು ಲೀಮಾ ಕಂಪನಿಯ ಆಟಿಕೆ ರೈಲು ಇಂಜಿನ್, ಬ್ರಿಟನ್ನಿನ ಕ್ಲಾಸ್ 33 ಡೀಸೆಲ್ ಇಂಜಿನ್ನಿನ ಮಾದರಿ. ನೀಲಿ ಮೈ, ಹಳದಿ ಮೂತಿ. ಒಂದು ತುದಿಯ ಕೊಕ್ಕೆ ಮುರಿದಿದೆ. ಮೂತಿಯಲ್ಲಿ ಗುದ್ದು ತಾಳುವ ಬಫರುಗಳಲ್ಲಿ ಒಂದು ಇಲ್ಲ. ಚಕ್ರದ ಅಚ್ಚುಗಳಿಗೆಲ್ಲ ಕಾರ್ಪೆಟ್ಟಿನ ನೂಲು, ಕೂದಲು ಸುತ್ತಿಕೊಂಡಿದೆ. ಡಬ್ಬಿಯ ಮೇಲೆ ‘ಓಡುವುದಿಲ್ಲ, ಬಿಡಿಭಾಗಕ್ಕೆ ಆಗಬಹುದು’ ಅಂತ ಒಂದು ಚೀಟಿ. ಇಂಥ ಚೀಟಿ ಅಂಟಿಸಿದ ಇಂಜಿನ್ನುಗಳ ಮೇಲೇ ನನಗೆ ಆಸೆ ಜಾಸ್ತಿ. ವರ್ಷಗಟ್ಟಲೆ ಡಬ್ಬಿಯಲ್ಲಿ ಮಲಗಿದ್ದ ಅಗ್ಗದ ಇಂಜಿನ್ ಓಡದೇ ಇರುವುದು ಬೇರೆ, ಕೆಟ್ಟುಹೋಗಿರುವುದು ಬೇರೆ. ಮಾರುವವರು ಹಳಿಯ ಮೇಲಿಟ್ಟು ಕರೆಂಟ್ ಕೊಡುತ್ತಾರೆ, ಅಲ್ಲಾಡಲಿಲ್ಲ ಅಂದರೆ ಚೀಟಿ ಬರೆಯುತ್ತಾರೆ, ಅಷ್ಟೇ.

ಈ ಇಂಜಿನ್ನುಗಳನ್ನು ಮಾಡಿದ್ದು ಮಕ್ಕಳ ಸೆಟ್ಟಿಗೆ. ಬೆಲೆ ಇಳಿಸಬೇಕು ಅಂದರೆ ಎಲ್ಲೋ ಕೈ ಬಿಗಿ ಹಿಡಿಯಲೇಬೇಕು. ಎಲ್ಲಿ ಹಿಡಿದಿದ್ದಾರೆ ಅನ್ನುವುದು ಗೊತ್ತಾದರೆ ರಿಪೇರಿ ಅರ್ಧ ಮುಗಿದ ಹಾಗೆ. ಕರೆಂಟು ಬರುವ ದಾರಿ ಒಂದೇ ಇದ್ದರೆ, ವಯಸ್ಸಾದ ಮೇಲೆ ಮುಚ್ಚಿಕೊಳ್ಳುವುದೂ ಅದೇ ದಾರಿ. ಹಾಗಾಗಿ ನಾನು ಮೊದಲು ನೋಡುವುದು ಕಾಸು ಉಳಿಸಿದ ಜಾಗವನ್ನು, ಮೋಟಾರನ್ನು ಆಮೇಲೆ. ಮುಂದಿನದೆಲ್ಲ ಅದೇ ಕ್ರಮದಲ್ಲಿದೆ.

ಇಂಜಿನ್ ಯಾವುದು ಅಂತ ಮೊದಲು ಗೊತ್ತಾಗಬೇಕು

ಲೀಮಾ ಇಟಲಿಯ ವಿಚೆನ್ಜಾ ಕಡೆಯ ಕಂಪನಿ. ಎರಡನೇ ಮಹಾಯುದ್ಧ ಮುಗಿದ ಮೇಲೆ ಶುರುವಾಯಿತು. ಯುರೋಪಿನ ನಾನಾ ರೈಲ್ವೆಗಳ ಇಂಜಿನ್, ಡಬ್ಬಿಗಳನ್ನು ಪ್ಲಾಸ್ಟಿಕ್ಕಿನಲ್ಲಿ ಅಚ್ಚು ಹಾಕಿ, ಬೇರೆಯವರಿಗಿಂತ ಕಡಿಮೆ ಬೆಲೆಗೆ ಮಾರುತ್ತಿತ್ತು. ಕೊನೆಗೆ ವ್ಯಾಪಾರ ಮುಳುಗಿತು. 2004ರಲ್ಲಿ ಹೆಸರು ಮತ್ತು ಅಚ್ಚುಗಳು ಬ್ರಿಟನ್ನಿನ ಆಟಿಕೆ ರೈಲು ಕಂಪನಿ ಹಾರ್ನ್‌ಬಿ ಪಾಲಾದವು.

ಬ್ರಿಟಿಷ್ ಇಂಜಿನ್ನುಗಳ ವಿಷಯದಲ್ಲಿ ಒಂದು ತೊಡಕಿದೆ. ಉಳಿದ ಕಡೆಯೆಲ್ಲ ಎಚ್‌ಓ ಅಳತೆ, ಅಂದರೆ ನಿಜವಾದ ರೈಲಿನ 87ರಲ್ಲಿ ಒಂದು ಪಾಲು. ಬ್ರಿಟನ್ನಿನಲ್ಲಿ ಮಾತ್ರ ಓಓ, 76ರಲ್ಲಿ ಒಂದು ಪಾಲು. ಹಳಿಯ ಅಗಲ ಎರಡಕ್ಕೂ 16.5 ಮಿಲಿಮೀಟರ್. ಬ್ರಿಟಿಷ್ ರೈಲುಗಳ ಮೈ ಅಗಲ ಕಡಿಮೆ. ಅದನ್ನು ಎಚ್‌ಓ ಅಳತೆಗೆ ಇಳಿಸಿದರೆ ಆ ಕಾಲದ ಮೋಟಾರು ಒಳಗೆ ಕೂರುತ್ತಿರಲಿಲ್ಲ. ಅದಕ್ಕೇ ಮೈಯನ್ನು ಮಾತ್ರ ಸ್ವಲ್ಪ ದೊಡ್ಡದು ಮಾಡಿದರು. ಲೀಮಾ ಮೊದಲು ಬ್ರಿಟಿಷ್ ಇಂಜಿನ್ನುಗಳನ್ನೂ ಎಚ್‌ಓದಲ್ಲೇ ಮಾಡಿತು. ಬೇರೆ ಕಂಪನಿಗಳ ಡಬ್ಬಿಗಳ ಪಕ್ಕ ಅವು ಕುಳ್ಳಗೆ ಕಂಡವು. 1970ರ ದಶಕದ ಕೊನೆಯ ಹೊತ್ತಿಗೆ ಓಓಗೆ ಬದಲಾಯಿತು. ಕ್ಲಾಸ್ 33 ಎರಡೂ ಅಳತೆಯಲ್ಲಿ ಬಂದಿದೆ, ಫೋಟೋದಲ್ಲಿ ಎರಡೂ ಒಂದೇ ಥರ ಕಾಣುತ್ತವೆ. ಕೊಳ್ಳುವಾಗ ಉದ್ದ ಕೇಳಿ. ನಿಜವಾದ ಇಂಜಿನ್ನಿನ ಉದ್ದ ಸುಮಾರು 15.5 ಮೀಟರ್. ಹಾಗಾಗಿ ಓಓ ಆದರೆ 20 ಸೆಂಟಿಮೀಟರಿಗೆ ಸ್ವಲ್ಪ ಜಾಸ್ತಿ, ಎಚ್‌ಓ ಆದರೆ 18ಕ್ಕೆ ಸ್ವಲ್ಪ ಕಡಿಮೆ. ನನ್ನದು ಓಓ.

ನಿಜವಾದ ಕ್ಲಾಸ್ 33 ಬಗ್ಗೆ ಎರಡು ಮಾತು. ಬರ್ಮಿಂಗ್‌ಹ್ಯಾಮ್ ಪಕ್ಕದ ಸ್ಮೆಥಿಕ್‌ನಲ್ಲಿ 1960ರಿಂದ 1962ರ ಒಳಗೆ ಇಂಥ 98 ಇಂಜಿನ್ ಕಟ್ಟಿದರು. ಸುಲ್ಜರ್ ಡೀಸೆಲ್, 1,550 ಅಶ್ವಶಕ್ತಿ. ವಿದ್ಯುತ್ ಸಲಕರಣೆ ಕ್ರಾಂಪ್ಟನ್ ಪಾರ್ಕಿನ್ಸನ್ ಕಂಪನಿಯದು, ಅದಕ್ಕೇ ರೈಲುಪ್ರಿಯರು ಇದನ್ನು ‘ಕ್ರಾಂಪ್ಟನ್’ ಅಂತಲೇ ಕರೆಯುತ್ತಾರೆ. 98ರಲ್ಲಿ 12 ಇಂಜಿನ್ನುಗಳ ಮೈ ಮಾತ್ರ ಕಿರಿದು. ಅವು ಹೇಸ್ಟಿಂಗ್ಸ್ ಮಾರ್ಗಕ್ಕೆ. ಆ ಮಾರ್ಗದ ಸುರಂಗ ಕಟ್ಟಿದ ಗುತ್ತಿಗೆದಾರರು ಇಟ್ಟಿಗೆಯ ವರಸೆಗಳನ್ನು ಕಡಿಮೆ ಹಾಕಿ ದುಡ್ಡು ಉಳಿಸಿದ್ದರು. ಮೋಸ ಗೊತ್ತಾದ ಮೇಲೆ ಒಳಗಡೆಯಿಂದ ಇನ್ನಷ್ಟು ಇಟ್ಟಿಗೆ ಕಟ್ಟಬೇಕಾಯಿತು, ಸುರಂಗ ಕಿರಿದಾಯಿತು. ನೂರು ವರ್ಷ ಆದಮೇಲೂ ಅದಕ್ಕೆ ತಕ್ಕ ಹಾಗೆ ಇಂಜಿನ್ ಕಟ್ಟಬೇಕಾಗಿ ಬಂತು. ಕಾಸು ಉಳಿಸಿದ ಜಾಗ ಯಾವತ್ತಿದ್ದರೂ ಲೆಕ್ಕ ಕೇಳುತ್ತದೆ, ಅಲ್ವಾ?

ಕರೆಂಟ್ ಕೊಡುವ ಮೊದಲು

ಹಳೇ ಇಂಜಿನ್ ಕೈಗೆ ಬಂದ ತಕ್ಷಣ ಹಳಿಯ ಮೇಲಿಟ್ಟು 12 ವೋಲ್ಟ್ ಕೊಡುವ ಆಸೆ ಎಲ್ಲರಿಗೂ ಇರುತ್ತದೆ. ತಡೆದುಕೊಳ್ಳಿ. ಗ್ರೀಸ್ ಗಟ್ಟಿಯಾಗಿ ಮೋಟಾರ್ ಸಿಕ್ಕಿಹಾಕಿಕೊಂಡಿದ್ದರೆ, ತಿರುಗದ ಸುರುಳಿಯಲ್ಲಿ ಕರೆಂಟು ಸುಮ್ನೆ ಹರಿದು ಬಿಸಿಯಾಗುತ್ತದೆ. ಅದುವರೆಗೆ ಚೆನ್ನಾಗಿದ್ದ ಆರ್ಮೇಚರ್, ಅಂದರೆ ಮೋಟಾರಿನೊಳಗೆ ತಿರುಗುವ ಸುರುಳಿಯ ಭಾಗ, ಅಲ್ಲೇ ಸುಡಬಹುದು.

ಮೊದಲು ತಲೆಕೆಳಗು ಮಾಡಿ ನೂಲು, ಕೂದಲು ಬಿಡಿಸಿದೆ. ಚಿಮಟ ಮತ್ತು ಚೂಪಾದ ಸಣ್ಣ ಕತ್ತರಿ ಸಾಕು. ಎಳೆಯಬಾರದು, ಕತ್ತರಿಸಿ ತೆಗೆಯಬೇಕು. ಎಳೆದರೆ ನೂಲು ಗಿಯರಿನ ಹಿಂದೆ ಇನ್ನೂ ಬಿಗಿಯುತ್ತದೆ.

ಇಂಜಿನ್ನಿನ ಕೆಳಗೆ ಎರಡು ಟ್ರಕ್ ಇವೆ, ಅಂದರೆ ನಾಲ್ಕು ನಾಲ್ಕು ಚಕ್ರ ಕೂರಿಸಿದ, ತಿರುವಿನಲ್ಲಿ ಹೊರಳುವ ಚೌಕಟ್ಟುಗಳು. ಒಂದರಲ್ಲಿ ಮೋಟಾರ್ ಇದೆ, ಇನ್ನೊಂದು ಸುಮ್ನೆ ಉರುಳುತ್ತದೆ. ಮೋಟಾರ್ ಇರುವ ಟ್ರಕ್ಕಿನ ಚಕ್ರವನ್ನು ಬೆರಳಿನಿಂದ ಮೆಲ್ಲಗೆ ತಿರುಗಿಸಿ ನೋಡಿದೆ. ಈ ಇಂಜಿನ್ನಿನಲ್ಲಿ ವರ್ಮ್ ಗಿಯರ್, ಅಂದರೆ ಸ್ಕ್ರೂವಿನಂಥ ಸುರುಳಿ ಹಲ್ಲಿನ ಗಿಯರ್, ಇಲ್ಲ; ನೇರ ಹಲ್ಲಿನ ಗಿಯರ್ ಸಾಲು ಮಾತ್ರ. ಹಾಗಾಗಿ ಚಕ್ರ ತಿರುಗಿಸಿದರೆ ಮೋಟಾರೂ ತಿರುಗಬೇಕು. ಇಲ್ಲಿ ಒಂದು ಕೂದಲೆಳೆಯಷ್ಟು ಅಲ್ಲಾಡಿ ನಿಂತುಬಿಟ್ಟಿತು. ಅಲ್ಲಿಗೆ ಕೈ ಬಿಟ್ಟೆ. ಜೋರು ಮಾಡಿದರೆ ಪ್ಲಾಸ್ಟಿಕ್ ಹಲ್ಲು ಮುರಿಯುತ್ತದೆ. ವರ್ಮ್ ಇರುವ ಇಂಜಿನ್ನುಗಳಲ್ಲಿ ಈ ಪರೀಕ್ಷೆ ಮಾಡಲೇಬೇಡಿ. ಅಲ್ಲಿ ಚಕ್ರದ ಕಡೆಯಿಂದ ಮೋಟಾರ್ ತಿರುಗುವುದೇ ಇಲ್ಲ.

ಮೈ ಬಿಚ್ಚುವುದು

ಕಾಸು ಉಳಿಸಿದ ಮೊದಲ ಜಾಗ ಇದು, ಆದರೆ ಇಲ್ಲಿ ಲಾಭ ನಮಗೆ. ಮೈ ಹಿಡಿದಿರುವುದು ಸ್ಕ್ರೂ ಅಲ್ಲ, ಪ್ಲಾಸ್ಟಿಕ್ಕಿನಲ್ಲೇ ಮೂಡಿಸಿದ ಸಣ್ಣ ಗುಬಟುಗಳು. ಎರಡು ಪಕ್ಕವನ್ನು ಸ್ವಲ್ಪ ಅಗಲಿಸಿದರೆ ಒಳಗಿನ ಚೌಕಟ್ಟು ಕಳಚಿಕೊಳ್ಳುತ್ತದೆ. ಹಳೇ ಪ್ಲಾಸ್ಟಿಕ್ ಬಗ್ಗುವುದು ಕಡಿಮೆ, ಬಿರಿಯುವುದು ಜಾಸ್ತಿ. ಅದಕ್ಕೆ ಇಂಜಿನ್ನನ್ನು ಸ್ವಲ್ಪ ಹೊತ್ತು ಬೆಚ್ಚಗಿನ ಕೋಣೆಯಲ್ಲಿಟ್ಟೆ. ಆಮೇಲೆ ದಪ್ಪ ರಟ್ಟಿನ ಪಟ್ಟಿಗಳನ್ನು ಮೈಗೂ ಚೌಕಟ್ಟಿಗೂ ನಡುವೆ ಒಂದೊಂದಾಗಿ ತೂರಿಸಿದೆ. ಸ್ಕ್ರೂಡ್ರೈವರ್ ತುದಿ ಹಾಕಿ ಮೀಟಿದವರ ಗುರುತು ಎಷ್ಟೋ ಹಳೇ ಇಂಜಿನ್ನುಗಳ ಅಂಚಿನಲ್ಲಿ ಕಾಣುತ್ತದೆ. ಒಮ್ಮೆ ಬಿದ್ದ ಆ ಕಚ್ಚು ಹೋಗುವುದಿಲ್ಲ. ರಟ್ಟಿಗೆ ಅಂಥ ಗುರುತಿಲ್ಲ.

ಒಳಗೆ ನೋಡಿದರೆ ಅರ್ಧಕ್ಕರ್ಧ ಖಾಲಿ. ಒಂದು ಲೋಹದ ತೂಕ, ಒಂದು ತಂತಿ, ಮೋಟಾರಿಗೆ ಅಡ್ಡವಾಗಿ ಬೆಸೆದ ಒಂದು ಕೆಪಾಸಿಟರ್. ಮುಗಿಯಿತು. ದುಬಾರಿ ಇಂಜಿನ್ ಬಿಚ್ಚಿದಾಗ ಸರ್ಕ್ಯೂಟ್ ಬೋರ್ಡು, ತಂತಿಗಳ ಗೋಜಲು ಕಂಡು ಎದೆ ಒಡೆಯುತ್ತದೆ. ಇಲ್ಲಿ ಒಂದೇ ನೋಟಕ್ಕೆ ಎಲ್ಲ ಅರ್ಥವಾಗುತ್ತದೆ. ನಾನು ಇವನ್ನು ಕೂಡಿಡುವುದಕ್ಕೆ ಇದೂ ಒಂದು ಕಾರಣ.

ಕರೆಂಟಿನ ದಾರಿ

ಇಲ್ಲೇ ಅಸಲು ವಿಷಯ. ಎರಡು ಹಳಿಯ ರೈಲಿನಲ್ಲಿ ಒಂದು ಹಳಿ ಪ್ಲಸ್, ಒಂದು ಮೈನಸ್. ಅದಲುಬದಲು ಮಾಡಿದರೆ ಇಂಜಿನ್ ಹಿಂದಕ್ಕೆ ಹೋಗುತ್ತದೆ. ಚಕ್ರಗಳೇ ಕರೆಂಟನ್ನು ಎತ್ತಿಕೊಳ್ಳಬೇಕು. ಒಳ್ಳೆಯ ಇಂಜಿನ್ನಿನಲ್ಲಿ ಎಂಟೂ ಚಕ್ರ ಈ ಕೆಲಸ ಮಾಡುತ್ತವೆ. ಲೀಮಾದಲ್ಲಿ ಕೆಲಸ ಹಂಚಿದ್ದಾರೆ. ಮೋಟಾರ್ ಇರುವ ಟ್ರಕ್ ಒಂದು ಹಳಿಯಿಂದ ಮಾತ್ರ ತೆಗೆದುಕೊಳ್ಳುತ್ತದೆ, ಇನ್ನೊಂದು ಟ್ರಕ್ ಎದುರು ಹಳಿಯಿಂದ ತೆಗೆದುಕೊಂಡು ತಂತಿಯಲ್ಲಿ ಮೋಟಾರಿಗೆ ಕಳಿಸುತ್ತದೆ. ಮೋಟಾರ್ ಟ್ರಕ್ಕಿನ ಒಂದು ಬದಿಯ ಚಕ್ರಗಳಿಗೆ ಗಿಯರ್ ಮತ್ತು ರಬ್ಬರ್ ಬಳೆ ಇವೆ, ಅವು ಕರೆಂಟ್ ಮುಟ್ಟುವುದಿಲ್ಲ. ಎಂಟು ಚಕ್ರದಲ್ಲಿ ದುಡಿಯುವುದು ನಾಲ್ಕು, ಒಂದೊಂದು ಹಳಿಗೆ ಎರಡೆರಡು. ಆ ಎರಡರಲ್ಲಿ ಒಂದರ ಕೆಳಗೆ ಕೊಳೆ, ಇನ್ನೊಂದು ಕವಲು ಹಳಿಯ ಪ್ಲಾಸ್ಟಿಕ್ ಭಾಗದ ಮೇಲೆ ಅಂದರೆ ಇಂಜಿನ್ ನಿಂತಿತು ಅಂತಲೇ ಅರ್ಥ.

ಮಲ್ಟಿಮೀಟರನ್ನು ಬೀಪ್ ಸದ್ದಿನ ಜಾಗಕ್ಕಿಟ್ಟು, ಒಂದು ಮೊನೆಯನ್ನು ಚಕ್ರದ ಮೇಲೂ ಇನ್ನೊಂದನ್ನು ಮೋಟಾರಿನ ತುದಿಗೂ ಹಿಡಿದೆ. ಮೋಟಾರ್ ಟ್ರಕ್ಕಿನ ಕಡೆ ಬೀಪ್ ಬಂತು, ಬಿಟ್ಟು ಬಿಟ್ಟು. ದೂರದ ಟ್ರಕ್ಕಿನ ಕಡೆ ಸದ್ದೇ ಇಲ್ಲ. ಚಕ್ರದ ಮೇಲೆ ಕಪ್ಪು ಪದರ ಕಟ್ಟಿತ್ತು. ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ಅದ್ದಿದ ಹತ್ತಿ ಕಡ್ಡಿಯಿಂದ ಉಜ್ಜಿದೆ. ಕಡ್ಡಿಯ ಮೇಲೆ ಕಪ್ಪು ಬರುವುದು ನಿಂತ ಮೇಲೆ ಮತ್ತೆ ಮೀಟರ್ ಹಿಡಿದೆ. ಮೋಟಾರ್ ಟ್ರಕ್ ಸರಿಯಾಯಿತು. ದೂರದ್ದು ಮೂಕವೇ.

ಚಕ್ರಕ್ಕೆ ಉಪ್ಪು ಕಾಗದ ಹಾಕಬೇಡಿ. ಗೆರೆ ಬಿದ್ದ ಚಕ್ರದಲ್ಲಿ ಕೊಳೆ ಇನ್ನೂ ಬೇಗ ಕೂರುತ್ತದೆ. ಇನ್ನೊಂದು ಮಾತು, ಥಿನ್ನರ್, ಅಸಿಟೋನ್ ಮೇಜಿನ ಹತ್ತಿರವೂ ಬರಬಾರದು. ಮೈಯ ಪ್ಲಾಸ್ಟಿಕ್ ಕರಗಿಹೋಗುತ್ತದೆ. ಐಸೊಪ್ರೊಪೈಲ್ ಕೂಡ ಚಕ್ರಕ್ಕೆ, ಮೋಟಾರಿಗೆ ಮಾತ್ರ. ಮೈ ಮೇಲಿನ ನಂಬರ್ ಉಜ್ಜಿದರೆ ಅದೂ ಹೋಗುತ್ತದೆ.

ದೂರದ ಟ್ರಕ್ಕಿನಲ್ಲಿ ಚಕ್ರಕ್ಕೆ ಒಂದು ತೆಳು ಲೋಹದ ಪಟ್ಟಿ ಒರಗಿ ನಿಂತಿರುತ್ತದೆ. ಚಕ್ರ ಉರುಳಿದಂತೆ ಅದು ಉಜ್ಜುತ್ತಾ ಕರೆಂಟು ಎತ್ತುತ್ತದೆ. ಪಟ್ಟಿ ಕಪ್ಪಾಗಿತ್ತು, ಆದರೆ ಜಾಗದಲ್ಲೇ ಇತ್ತು. ಗಟ್ಟಿ ರಬ್ಬರಿನಿಂದ ಒರೆಸಿದೆ. ಪಟ್ಟಿಯಿಂದ ಚಕ್ರಕ್ಕೆ ಬೀಪ್, ಪಟ್ಟಿಯಿಂದ ತಂತಿಯ ಇನ್ನೊಂದು ತುದಿಗೆ ಮೌನ. ಅಲ್ಲಿಗೆ ಕಳ್ಳ ಸಿಕ್ಕ. ತಂತಿ ಹೊರಗಿನಿಂದ ಪೂರ್ತಿಯಾಗಿಯೇ ಕಾಣುತ್ತಿತ್ತು. ಮೆಲ್ಲಗೆ ಬಗ್ಗಿಸಿದರೆ ಬೆಸುಗೆಯ ಪಕ್ಕದಲ್ಲೇ ಲೋಹ ತುಂಡಾಗಿತ್ತು, ಹೊದಿಕೆಯ ಪ್ಲಾಸ್ಟಿಕ್ ಮಾತ್ರ ಹಿಡಿದುಕೊಂಡಿತ್ತು. ಪ್ರತಿ ತಿರುವಿನಲ್ಲೂ ಟ್ರಕ್ ಹೊರಳುತ್ತದೆ, ತಂತಿ ಒಂದೇ ಜಾಗದಲ್ಲಿ ಬಗ್ಗುತ್ತದೆ. ಎಷ್ಟು ವರ್ಷ ತಾಳೀತು?

ಹೊಸ ತಂತಿಗೆ ಡಿಸಿಸಿ ಡಿಕೋಡರ್, ಅಂದರೆ ಹಳಿಯಲ್ಲಿ ಬರುವ ಡಿಜಿಟಲ್ ಆಜ್ಞೆ ಓದಿ ಇಂಜಿನ್ ಓಡಿಸುವ ಪುಟ್ಟ ಬೋರ್ಡು, ಜೋಡಿಸಲು ಬಳಸುವ ತೆಳುವಾದ, ಹಲವು ಎಳೆಯ ತಂತಿ ಒಳ್ಳೆಯದು. ಹಳೆಯದಕ್ಕಿಂತ ಸ್ವಲ್ಪ ಉದ್ದ ಬಿಟ್ಟೆ, ಟ್ರಕ್ ಎರಡೂ ಕಡೆ ಹೊರಳಿದರೂ ಎಳೆಯದಿರುವಷ್ಟು. ಬೆಸುಗೆ ಹಾಕುವಾಗ ಪಟ್ಟಿ ಕೂತಿರುವುದು ಪ್ಲಾಸ್ಟಿಕ್ಕಿನಲ್ಲಿ ಅನ್ನುವುದು ನೆನಪಿರಲಿ. ಮೊದಲೇ ಪಟ್ಟಿಗೂ ತಂತಿಗೂ ಬೇರೆ ಬೇರೆಯಾಗಿ ಸೀಸ ಹಿಡಿಸಿ, ಫ್ಲಕ್ಸ್ ಹಚ್ಚಿ, ಆಮೇಲೆ ಎರಡನ್ನೂ ಸೇರಿಸಿ ಒಂದೇ ಸಲ ಬೆಸುಗೆ ಕಡ್ಡಿ ಮುಟ್ಟಿಸಿ ತೆಗೆಯಬೇಕು. ಬೆಸುಗೆಗೂ ಪ್ಲಾಸ್ಟಿಕ್ಕಿಗೂ ನಡುವೆ ಚಿಮಟದಿಂದ ಪಟ್ಟಿಯನ್ನು ಹಿಡಿದುಕೊಂಡರೆ ಬಿಸಿಯನ್ನು ಚಿಮಟ ಎಳೆದುಕೊಳ್ಳುತ್ತದೆ.

ಮೋಟಾರಿನ ಸರದಿ

ಮೋಟಾರನ್ನು ಬಿಚ್ಚುವ ಮೊದಲು ಒಂದು ಚಿಕ್ಕ ಪರೀಕ್ಷೆ. 9 ವೋಲ್ಟ್ ಬ್ಯಾಟರಿಯ ಎರಡು ತಂತಿಯನ್ನು ಮೋಟಾರಿನ ತುದಿಗಳಿಗೆ ಒಂದು ಕ್ಷಣ ಮುಟ್ಟಿಸಿದೆ. ತಿರುಗಲಿಲ್ಲ, ಆದರೆ ಒಂದು ಸಣ್ಣ ನಡುಕ ಬಂತು. ನಡುಕ ಬಂದರೆ ಜೀವ ಇದೆ. ಸುರುಳಿಯಲ್ಲಿ ಕರೆಂಟು ಹರಿಯುತ್ತಿದೆ, ಏನೋ ಹಿಡಿದುಕೊಂಡಿದೆ ಅಷ್ಟೇ.

ಇದು ಚಪ್ಪಟೆ ಮೋಟಾರ್. ಟ್ರಕ್ಕಿನ ಒಳಗೇ ಅಡ್ಡಡ್ಡ ಕೂತಿರುತ್ತದೆ. ಆರ್ಮೇಚರಿನ ತುದಿಯ ಪುಟ್ಟ ಗಿಯರ್ ನೇರವಾಗಿ ಪಕ್ಕದ ಗಿಯರುಗಳಿಗೆ, ಅಲ್ಲಿಂದ ಚಕ್ರಕ್ಕೆ. ಉದ್ದ ಶಾಫ್ಟ್ ಇಲ್ಲ, ಜೋಡಣೆ ಇಲ್ಲ. ತಿರುಗುವ ಸುರುಳಿಗಳಿಗೆ ಕರೆಂಟು ಹಂಚುವ ಕಮ್ಯುಟೇಟರ್ ಕೂಡ ಉರುಳೆಯಲ್ಲ, ಮೂರು ಭಾಗವಾಗಿ ಸೀಳಿದ ಚಪ್ಪಟೆ ಬಿಲ್ಲೆ. ಅದಕ್ಕೆ ಕರೆಂಟು ಮುಟ್ಟಿಸುವ ಕಾರ್ಬನ್ ತುಂಡುಗಳು ಎದುರಿನಿಂದ ಬಂದು ಒತ್ತುತ್ತವೆ. ಹಾರ್ನ್‌ಬಿಯ ಹಳೇ ರಿಂಗ್‌ಫೀಲ್ಡ್ ಮೋಟಾರ್ ಬಿಚ್ಚಿ ಅಭ್ಯಾಸ ಇದ್ದವರಿಗೆ ಇದು ಹೊಸದಲ್ಲ.

ಕಾರ್ಬನ್ನಿನ ಹಿಂದೆ ಸ್ಪ್ರಿಂಗ್ ಇದೆ. ಮುಚ್ಚಳ ತೆಗೆದ ಕ್ಷಣ ಅದು ಹಾರುತ್ತದೆ, ಸಾಮಾನ್ಯವಾಗಿ ಸೋಫಾದ ಕೆಳಗೇ. ದೊಡ್ಡ ಪಾರದರ್ಶಕ ಪ್ಲಾಸ್ಟಿಕ್ ಚೀಲದೊಳಗೆ ಕೈ ಹಾಕಿ ಬಿಚ್ಚಿದರೆ ಹುಡುಕುವ ಕೆಲಸ ಉಳಿಯುತ್ತದೆ. ಯಾವ ಕಾರ್ಬನ್ ಯಾವ ಕಡೆಯದು ಅಂತ ಗುರುತಿಟ್ಟುಕೊಳ್ಳಿ. ಪ್ರತಿಯೊಂದೂ ತನ್ನ ಜಾಗಕ್ಕೆ ತಕ್ಕ ಹಾಗೆ ಸವೆದಿರುತ್ತದೆ, ಅದಲುಬದಲಾದರೆ ಮತ್ತೆ ಹೊಂದಿಕೊಳ್ಳಲು ಹೊತ್ತು ಹಿಡಿಯುತ್ತದೆ.

ತಟ್ಟೆ ತೆಗೆದರೆ ಒಳಗೆ ಗ್ರೀಸು ಹಳೇ ಬೆಲ್ಲದ ಪಾಕದ ಹಾಗೆ ಕಂದಾಗಿ ಹರಳುಗಟ್ಟಿತ್ತು. ಮೊದಲು ಇಟ್ಟುಕೊಂಡಿದ್ದವರು ಯಾರೋ ಎಣ್ಣೆಯನ್ನೂ ಧಾರಾಳವಾಗಿ ಸುರಿದಿದ್ದರು. ಆ ಎಣ್ಣೆಗೆ ಕಾರ್ಬನ್ನಿನ ಪುಡಿ ಸೇರಿ ಕಪ್ಪು ಕೆಸರಾಗಿ, ಕಮ್ಯುಟೇಟರಿನ ಮೂರು ಸೀಳುಗಳನ್ನೂ ತುಂಬಿತ್ತು. ಅಗ್ಗದ ಇಂಜಿನ್ನುಗಳನ್ನು ಕೊಲ್ಲುವುದು ಎಣ್ಣೆ ಇಲ್ಲದಿರುವುದಕ್ಕಿಂತ ಎಣ್ಣೆ ಜಾಸ್ತಿಯಾಗುವುದು ಅಂತ ನನ್ನ ಅನುಭವ. ಕಾರ್ಬನ್ ಪುಡಿಯಲ್ಲಿ ಕರೆಂಟು ಹರಿಯುತ್ತದೆ. ಸೀಳು ತುಂಬಿದರೆ ಮೂರು ಭಾಗವೂ ಒಂದಾಗಿ, ಮೋಟಾರಿನ ಶಕ್ತಿಯೆಲ್ಲ ಅಲ್ಲೇ ಸೋರಿಹೋಗುತ್ತದೆ.

ಆರ್ಮೇಚರ್ ಹೊರತೆಗೆದು, ಹಲ್ಲುಕಡ್ಡಿಯ ತುದಿಯಿಂದ ಮೂರೂ ಸೀಳು ಕೆರೆದೆ. ಲೋಹದ ಸೂಜಿ ಬೇಡ, ಅಂಚಿನಲ್ಲಿ ಕೆರೆಸು ಏಳುತ್ತದೆ. ಬಿಲ್ಲೆಯ ಮುಖವನ್ನು ಮೊದಲು ಐಸೊಪ್ರೊಪೈಲ್, ಆಮೇಲೆ ಪೆನ್ಸಿಲ್ ಅಳಿಸುವ ರಬ್ಬರಿನಿಂದ ಉಜ್ಜಿದೆ. ತಾಮ್ರದ ಬಣ್ಣ ಬಂದರೆ ಸಾಕು, ಕನ್ನಡಿ ಆಗಬೇಕಾಗಿಲ್ಲ.

ಈಗ ಮೀಟರಿನ ಮುಖ್ಯ ಕೆಲಸ. ಮೂರು ಭಾಗಗಳಲ್ಲಿ ಎರಡೆರಡರ ನಡುವೆ ಓಮ್ ಅಳೆಯಬೇಕು. ಮೂರು ಜೋಡಿಗೂ ಹೆಚ್ಚು ಕಡಿಮೆ ಒಂದೇ ಸಂಖ್ಯೆ ಬಂದರೆ ಸುರುಳಿಗಳು ಸರಿ. ಇಂಥ ಮೋಟಾರುಗಳಲ್ಲಿ ಮೂರು ಸುರುಳಿ ತ್ರಿಕೋನವಾಗಿ ಒಂದಕ್ಕೊಂದು ಸೇರಿರುತ್ತವೆ. ಒಂದು ಸುರುಳಿ ತುಂಡಾದರೆ ಆ ಜೋಡಿಯ ಸಂಖ್ಯೆ ಉಳಿದೆರಡರ ದುಪ್ಪಟ್ಟು ಬರುತ್ತದೆ, ಯಾಕೆಂದರೆ ಕರೆಂಟು ಉಳಿದ ಎರಡು ಸುರುಳಿಯನ್ನು ಸುತ್ತಿ ಬರಬೇಕು. ಯಾವುದಾದರೂ ಭಾಗಕ್ಕೂ ನಡುವಿನ ಶಾಫ್ಟಿಗೂ ಬೀಪ್ ಬಂದರೆ ಹೊದಿಕೆ ಸುಟ್ಟಿದೆ ಅಂತ ಅರ್ಥ, ಆಗ ಆರ್ಮೇಚರ್ ಬದಲಿಸುವುದೇ ದಾರಿ. ನನ್ನದರಲ್ಲಿ ಮೂರೂ ಸರಿಯಾಗಿ ಹೊಂದಿಕೊಂಡವು. ಕಾರ್ಬನ್ ಅರ್ಧದಷ್ಟು ಉಳಿದಿದೆ, ಬದಲಿಸಲಿಲ್ಲ. ಸ್ಪ್ರಿಂಗಿನಲ್ಲೂ ಬಿಗಿ ಇದೆ.

ಗಿಯರುಗಳನ್ನು ಬೆಚ್ಚಗಿನ ಸೋಪಿನ ನೀರಿನಲ್ಲಿ ನೆನೆಸಿ, ಹಳೇ ಹಲ್ಲುಜ್ಜುವ ಬ್ರಷ್ಷಿನಿಂದ ತೊಳೆದೆ. ಒಂದೊಂದನ್ನೂ ಬೆಳಕಿಗೆ ಹಿಡಿದು ಬಿರುಕು ನೋಡಬೇಕು. ಹಲ್ಲಿನ ಬುಡದಲ್ಲಿ ಕೂದಲಿನಂಥ ಗೆರೆ ಇದ್ದರೆ ಇವತ್ತಲ್ಲ ನಾಳೆ ಸೀಳುತ್ತದೆ. ಇಲ್ಲಿ ಎಲ್ಲ ಗಟ್ಟಿಯಾಗಿದ್ದವು. ಮತ್ತೆ ಜೋಡಿಸುವಾಗ ಆರ್ಮೇಚರಿನ ಎರಡು ತುದಿಗೆ ಸೂಜಿಯ ಮೊನೆಯಲ್ಲಿ ನಿಲ್ಲುವಷ್ಟು ತೆಳು ಎಣ್ಣೆ, ಗಿಯರಿನ ಗೂಟಗಳಿಗೆ ಪ್ಲಾಸ್ಟಿಕ್ಕಿಗೆ ಒಗ್ಗುವ ಗ್ರೀಸ್ ಚೂರು. ಕಮ್ಯುಟೇಟರಿಗೆ ಏನೂ ಬೇಡ.

ಕೆಪಾಸಿಟರನ್ನು ಹಾಗೇ ಬಿಟ್ಟೆ. ಅದು ಟಿವಿ, ರೇಡಿಯೋದಲ್ಲಿ ಗರಗರ ಸದ್ದು ಬರದಿರಲಿ ಅಂತ ಹಾಕಿದ್ದು. ಒಡೆದಿದ್ದರೆ, ಅಥವಾ ಅದರ ಎರಡು ತುದಿಗೂ ಬೀಪ್ ಬಂದರೆ ಮಾತ್ರ ತೆಗೆಯಬೇಕು. ಅದನ್ನು ಅಳೆಯುವಾಗ ಒಂದು ಕಾಲನ್ನು ಬಿಡಿಸಿಕೊಳ್ಳಿ. ಇಲ್ಲದಿದ್ದರೆ ಮೀಟರ್ ತೋರಿಸುವುದು ಮೋಟಾರಿನ ಸುರುಳಿಯನ್ನು.

ರಬ್ಬರ್ ಬಳೆ, ಚಕ್ರದ ಅಂಚು

ಗಿಯರ್ ಇರುವ ಚಕ್ರಗಳ ರಬ್ಬರ್ ಬಳೆ ಒಣಗಿ ಬಿರುಸಾಗಿತ್ತು. ಉಗುರು ತಾಗಿಸಿದರೆ ಚೂರು ಚೂರಾಗಿ ಉದುರಿತು. ಎಳೆಯುವ ಶಕ್ತಿಯೆಲ್ಲ ಇದೇ ಎರಡು ಬಳೆಯ ಮೇಲೆ ನಿಂತಿದೆ, ಹಾಗಾಗಿ ಇದರಲ್ಲಿ ಜಿಪುಣತನ ಬೇಡ. ಹೊಸದನ್ನು ಅಳತೆ ನೋಡಿಯೇ ತರಬೇಕು. ಚಕ್ರದ ತಗ್ಗಿನಲ್ಲಿ ಬಳೆ ಕೂತಾಗ ಮೇಲ್ಮೈ ಲೋಹದ ಅಂಚಿಗೆ ಸಮವಾಗಿರಬೇಕು. ದಪ್ಪ ಬಳೆ ಹಾಕಿದರೆ ಇಂಜಿನ್ ಒಂದು ಪಕ್ಕಕ್ಕೆ ವಾಲುತ್ತದೆ, ಎದುರು ಬದಿಯಲ್ಲಿ ಕರೆಂಟು ಎತ್ತುವ ಚಕ್ರಗಳು ಹಳಿಯಿಂದ ಹಗುರಾಗುತ್ತವೆ. ಆಮೇಲೆ ತಂತಿ, ಮೋಟಾರ್ ಎಲ್ಲ ಸರಿಯಿದ್ದರೂ ನಿಂತು ನಿಂತು ಓಡುತ್ತದೆ, ಕಾರಣ ಹೊಳೆಯುವುದಿಲ್ಲ.

ಆ ಕಾಲದ ಲೀಮಾ ಚಕ್ರಗಳ ಅಂಚು ಆಳ. ಮಕ್ಕಳು ಕಾರ್ಪೆಟ್ಟಿನ ಮೇಲೆ ವಕ್ರವಾಗಿ ಜೋಡಿಸಿದ ಹಳಿಯಲ್ಲೂ ಬೀಳಬಾರದು ಅಂತ ಹಾಗೆ ಮಾಡಿದ್ದು, ಆ ಕೆಲಸಕ್ಕೆ ಅದು ಸರಿಯೇ. ಕೋಡ್ 100 ಹಳಿಯಲ್ಲಿ, ಅಂದರೆ 2.54 ಮಿಲಿಮೀಟರ್ ಎತ್ತರದ ಹಳಿಯಲ್ಲಿ, ಸಲೀಸಾಗಿ ಓಡುತ್ತದೆ. ಕೋಡ್ 75ರ ಎತ್ತರ 1.9 ಮಿಲಿಮೀಟರ್ ಮಾತ್ರ. ಅಲ್ಲಿ ಅಂಚು ಹಳಿ ಹಿಡಿದಿರುವ ಪ್ಲಾಸ್ಟಿಕ್ ಹಲ್ಲುಗಳಿಗೆ ತಾಗಿ ಟಕಟಕ ಅನ್ನುತ್ತದೆ. ಅಂಚನ್ನು ಲೇತಿನಲ್ಲಿ ಸವೆಸುವವರಿದ್ದಾರೆ. ನಾನು ಹಳಿಯನ್ನೇ ಬದಲಿಸಿಕೊಂಡೆ.

ಏನು ಮಾಡಲಿಲ್ಲ, ಯಾಕೆ

ಈ ಮೋಟಾರ್ ಕಿತ್ತು ಸಿಡಿ ಡ್ರೈವಿನ ಪುಟ್ಟ ಮೋಟಾರ್ ಕೂರಿಸುವುದು ಈಗ ತುಂಬ ಜನ ಮಾಡುವ ಕೆಲಸ. ಚೆನ್ನಾಗಿಯೂ ಓಡುತ್ತದೆ, ಸದ್ದು ಕಡಿಮೆ, ನಿಧಾನದಲ್ಲೂ ಕುಲುಕುವುದಿಲ್ಲ. ಸುಟ್ಟ ಆರ್ಮೇಚರ್ ಇರುವ ಇಂಜಿನ್ನಿಗೆ ನಾನೂ ಹಾಕಿಯೇನು. ಆದರೆ ಸರಿಯಿರುವ ಮೋಟಾರನ್ನು ತೆಗೆದರೆ ಉಳಿಯುವುದು ಲೀಮಾದ ಚಿಪ್ಪು ಮಾತ್ರ. ಕೂಡಿಡುವವನಿಗೆ ಆ ಮೂರು ಧ್ರುವದ, ಅಂದರೆ ಮೂರೇ ಸುರುಳಿಯ ಮೋಟಾರೂ ಅದರ ಗರಗರವೂ ವಸ್ತುವಿನ ಭಾಗವೇ. ಡಿಸಿಸಿಯೂ ಹಾಕಲಿಲ್ಲ. ಇಲ್ಲಿ ಒಂದು ಕಾರ್ಬನ್ ನೇರ ಟ್ರಕ್ಕಿನ ಲೋಹಕ್ಕೆ ಸೇರಿದೆ. ಡಿಕೋಡರ್ ಹಾಕಬೇಕೆಂದರೆ ಅದನ್ನು ಬೇರ್ಪಡಿಸಬೇಕು, ಅಂದರೆ ಮೂಲ ಭಾಗವನ್ನು ಕೊರೆಯಬೇಕು. ಬೇರ್ಪಡಿಸದೇ ಜೋಡಿಸಿದರೆ ಡಿಕೋಡರ್ ಸುಡುತ್ತದೆ.

ಒಂದು ಸುಧಾರಣೆ ಮಾತ್ರ ಮಾಡಿದೆ. ದೂರದ ಟ್ರಕ್ಕಿನ ಇನ್ನೊಂದು ಬದಿಯ ಚಕ್ರಗಳೂ ಲೋಹದವು, ಸುಮ್ನೆ ಉರುಳುತ್ತಿದ್ದವು. ಫಾಸ್ಫರ್ ಬ್ರಾಂಜಿನ ತೆಳು ತಂತಿಯನ್ನು ಸರ್ಕ್ಯೂಟ್ ಬೋರ್ಡಿನ ಒಂದು ತುಂಡಿಗೆ ಬೆಸೆದು, ಎರಡು ಮುಖದ ಟೇಪಿನಿಂದ ಟ್ರಕ್ಕಿನ ಕೆಳಗೆ ಅಂಟಿಸಿ, ಆ ಚಕ್ರಗಳಿಗೆ ಒರಗಿಸಿದೆ. ಅಲ್ಲಿಂದ ಮೋಟಾರ್ ಟ್ರಕ್ಕಿನ ಲೋಹಕ್ಕೆ ಒಂದು ತಂತಿ. ಒಂದು ಹಳಿಯಿಂದ ಎರಡು ಚಕ್ರದ ಬದಲು ಈಗ ನಾಲ್ಕು ಚಕ್ರ ಎತ್ತುತ್ತವೆ. ಟೇಪ್ ಕಿತ್ತು, ತಂತಿ ಬಿಡಿಸಿದರೆ ಇಂಜಿನ್ ಮೊದಲಿನ ಹಾಗೇ ಇರುತ್ತದೆ. ತಂತಿಯ ಒತ್ತಡ ತೀರಾ ಹಗುರವಾಗಿರಲಿ. ಜಾಸ್ತಿ ಒತ್ತಿದರೆ ಚಕ್ರ ಉರುಳದೆ ಜಾರುತ್ತದೆ.

ಬಣ್ಣ ಮುಟ್ಟಲಿಲ್ಲ. ಮೂತಿಯ ಹಳದಿ ಸ್ವಲ್ಪ ಉಜ್ಜಿಹೋಗಿದೆ, ಇರಲಿ. ಮೈಯನ್ನು ಬೆಚ್ಚಗಿನ ನೀರಿನಲ್ಲಿ ಒಂದು ಹನಿ ಸೋಪ್ ಹಾಕಿ ಮೆತ್ತನೆ ಬ್ರಷ್ಷಿನಿಂದ ತೊಳೆದೆ. ಬಫರಿಗೆ ಮತ್ತೊಂದು ಹಾಳಾದ ಮೈಯಿಂದ ಕಿತ್ತದ್ದು ಸಿಕ್ಕಿತು. ಕೊಕ್ಕೆಯೂ ಅಲ್ಲಿಂದಲೇ.

ಹಳಿಯ ಮೇಲೆ

ಮೈ ಹಾಕದೇ, ಒಂಟಿಯಾಗಿ, ಅಲುಗದ ವೃತ್ತದ ಹಳಿಯಲ್ಲಿ ಮೊದಲ ಓಟ. ಕಂಟ್ರೋಲರನ್ನು ಮೆಲ್ಲಗೆ ಏರಿಸಿದಾಗ ಕಾಲು ಭಾಗ ದಾಟುವವರೆಗೂ ಏನಿಲ್ಲ, ಆಮೇಲೆ ಒಮ್ಮೆಲೇ ಜಿಗಿದು ಹೊರಟಿತು. ಮೂರು ಧ್ರುವದ ಮೋಟಾರಿನ ಸ್ವಭಾವ ಇದು. ತೆವಳುವುದು ಅದಕ್ಕೆ ಗೊತ್ತಿಲ್ಲ. ಮುಂದಕ್ಕೆ ಸ್ವಲ್ಪ ಹೊತ್ತು, ಹಿಂದಕ್ಕೆ ಸ್ವಲ್ಪ ಹೊತ್ತು, ಅರ್ಧ ವೇಗದಲ್ಲಿ ಓಡಿಸಿದೆ. ಕಂಟ್ರೋಲರಿಗೂ ಹಳಿಗೂ ನಡುವೆ ಆಂಪಿಯರ್ ಮೀಟರ್ ಇಟ್ಟಿದ್ದೆ. ಮೊದಲು ಮುಳ್ಳು ಎತ್ತರದಲ್ಲಿತ್ತು, ಕಾರ್ಬನ್ ಹೊಂದಿಕೊಂಡಂತೆ ಇಳಿಯುತ್ತಾ ಬಂತು. ಒಂಟಿ ಇಂಜಿನ್ ಸಮತಟ್ಟು ಹಳಿಯಲ್ಲಿ ಅರ್ಧ ಆಂಪಿಯರ್ ದಾಟಿ ಅಲ್ಲೇ ನಿಂತರೆ ನಾನು ಓಡಿಸುವುದನ್ನು ನಿಲ್ಲಿಸಿ ಮತ್ತೆ ಬಿಚ್ಚುತ್ತೇನೆ. ಇದು ಅಷ್ಟು ಹೋಗಲಿಲ್ಲ.

ಕವಲು ಹಳಿಯ ಪ್ಲಾಸ್ಟಿಕ್ ಭಾಗವನ್ನು ನಿಧಾನ ವೇಗದಲ್ಲೂ ದಾಟುತ್ತದೆ. ಸೇರಿಸಿದ ಚಕ್ರಗಳ ಫಲ. ಹಿಂದಕ್ಕೆ ಹೋಗುವಾಗ ಸದ್ದು ಇನ್ನೂ ಸ್ವಲ್ಪ ಜಾಸ್ತಿ. ಕಾರ್ಬನ್ ಒಂದು ದಿಕ್ಕಿಗೆ ಹೆಚ್ಚು ಸವೆದಿರುವುದರಿಂದ ಇರಬೇಕು. ಇನ್ನಷ್ಟು ಓಡಿದ ಮೇಲೆ ನೋಡೋಣ.

ಇಂಥದ್ದು ಕೊಳ್ಳುವವರಿಗೆ ಒಂದು ಎಚ್ಚರಿಕೆ. ಸತ್ತ ಮೋಟಾರಿಗೆ, ಮುರಿದ ಕೊಕ್ಕೆಗೆ, ಕಳೆದ ಬಫರಿಗೆ ಹೆದರಬೇಡಿ. ಹೆದರಬೇಕಾದದ್ದು ಸತುವಿನ ಮಿಶ್ರಲೋಹದ ಚೌಕಟ್ಟಿನಲ್ಲಿ ಕಾಣುವ ಜೇಡರ ಬಲೆಯಂಥ ಬಿರುಕಿಗೆ. ಎರಕ ಹೊಯ್ಯುವಾಗ ಸೀಸದಂಥ ಕಲಬೆರಕೆ ಸೇರಿದ್ದರೆ, ವರ್ಷಗಳು ಕಳೆದಂತೆ ಲೋಹ ಒಳಗಿನಿಂದ ಬಿರಿದು, ಉಬ್ಬಿ, ಕೊನೆಗೆ ಪುಡಿಯಾಗುತ್ತದೆ. ಅದಕ್ಕೆ ಔಷಧಿ ಇಲ್ಲ, ಅಂಟು ಹಾಕಿದರೂ ನಿಲ್ಲುವುದಿಲ್ಲ. ಚೌಕಟ್ಟು ಬಾಳೆಹಣ್ಣಿನಂತೆ ಬಾಗಿದ್ದರೆ, ಮೈ ಚೌಕಟ್ಟಿನಿಂದ ಬಿಡದಷ್ಟು ಬಿಗಿಯಾಗಿದ್ದರೆ, ಇಳಿಸಿಬಿಡಿ.

ಮುಂದಿನ ಕೆಲಸಕ್ಕೆ ಬ್ರಿಟನ್ನಿನ ಹಳೇ ಆಟಿಕೆ ಕಂಪನಿ ಟ್ರಯಾಂಗ್‌ನ ಒಂದು ಟ್ಯಾಂಕ್ ಇಂಜಿನ್, ಅಂದರೆ ನೀರಿನ ತೊಟ್ಟಿ ಮೈಮೇಲೇ ಇರುವ ಉಗಿ ಇಂಜಿನ್, ಕಾದಿದೆ, ಎಕ್ಸ್04 ಅನ್ನುವ ಮೋಟಾರಿನದು. ಅದರ ನಿಯಮ ಬೇರೆ. ಅದು ತೆರೆದ ಚೌಕಟ್ಟಿನ ಮೋಟಾರ್, ಅಯಸ್ಕಾಂತ ಹೊರಗೇ ಕಾಣುತ್ತದೆ. ಅಂಥ ಹಳೇ ಮೋಟಾರುಗಳ ಅಯಸ್ಕಾಂತವನ್ನು ಕಬ್ಬಿಣದ ಆಸರೆ ಇಲ್ಲದೇ ಸುಮ್ನೆ ಕಳಚಿದರೆ ಬಲ ಕುಗ್ಗುತ್ತದೆ, ಮತ್ತೆ ಜೋಡಿಸಿದರೂ ಹಳೇ ಕಸುವು ಬರುವುದಿಲ್ಲ. ಹಾಗಾಗಿ ಅದನ್ನು ಬಿಚ್ಚದೆಯೇ ತೊಳೆಯಬೇಕು. ಎರಡು ಕಾರ್ಬನ್ನನ್ನು ಒತ್ತಿ ಹಿಡಿಯುವ ಒಂದೇ ತಂತಿಯ ಸ್ಪ್ರಿಂಗಿದೆ. ಅದರ ಒಂದು ಕಾಲಿಗೆ ಮಾತ್ರ ಪುಟ್ಟ ಪ್ಲಾಸ್ಟಿಕ್ ಕೊಳವೆ ಹೊದಿಸಿರುತ್ತಾರೆ, ಎರಡೂ ಕಡೆ ಒಂದಾಗಿ ಶಾರ್ಟ್ ಆಗದಿರಲಿ ಅಂತ. ನನಗೆ ಸಿಕ್ಕ ಇಂಜಿನ್ನಿನಲ್ಲಿ ಆ ಕೊಳವೆ ಇಲ್ಲ. ಇದಕ್ಕೂ ‘ಓಡುವುದಿಲ್ಲ’ ಅನ್ನುವ ಚೀಟಿ ಇತ್ತು. ತಂತಿಯ ಹೊದಿಕೆಯಿಂದ ಅರ್ಧ ಸೆಂಟಿಮೀಟರ್ ಸುಲಿದು ಸಿಕ್ಕಿಸಿದರೆ ಆಗಬೇಕು.